ವಿಚಾರ ಸಂಕಿರಣದ ಸುದ್ದಿ ಸರಿ, ಟೇಪುಗಳು ಎಲ್ಲಿವೆ?

ಸಂಪಾದಕರಿಗೆ ನಮಸ್ಕಾರ.

ವಿಶ್ವವಿದ್ಯಾಲಯಗಳ ಭಾಷಾವಿಜ್ಞಾನ ವಿಭಾಗಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ, ದೀಪ ಬೆಳಗುತ್ತಿರುವ ಗಣ್ಯರ ಚಿತ್ರ, ಘಟಿಕೋತ್ಸವದಲ್ಲಿ ಚಿನ್ನದ ಪದಕ, ಯಾವುದೋ ಸಂಸ್ಥೆಯೊಡನೆ ಒಡಂಬಡಿಕೆ. ಪದಕ ಪಡೆದ ವಿದ್ಯಾರ್ಥಿಯ ಹೆಸರು ಪತ್ರಿಕೆಯಲ್ಲಿ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಭಾಗ ಏನು ಕೆಲಸ ಮಾಡಿದೆ ಎಂಬುದು ಇಂಥ ಸುದ್ದಿಯಿಂದ ತಿಳಿಯುವುದಿಲ್ಲ. ಭಾಷಾವಿಜ್ಞಾನ ವಿಭಾಗವನ್ನು ಅಳೆಯಬೇಕಾದದ್ದು ಬೇರೆ ಲೆಕ್ಕದಿಂದ: ಅದರ ಬಳಿ ಎಷ್ಟು ಗಂಟೆಯ ಧ್ವನಿಮುದ್ರಣ ಇದೆ, ಅದರಲ್ಲಿ ಎಷ್ಟು ಬರಹಕ್ಕೆ ಇಳಿದಿದೆ, ವಿಭಾಗದವರಲ್ಲದವರು ಹೋಗಿ ಕೇಳಿದರೆ ಕೇಳಿಸುತ್ತಾರೆಯೇ. ಈ ಲೆಕ್ಕ ಸುದ್ದಿಯಲ್ಲಿ ಕಾಣುವುದೇ ಅಪರೂಪ. ವಿಭಾಗಗಳ ವಾರ್ಷಿಕ ವರದಿಗಳಲ್ಲೂ ಅಷ್ಟೇ. ಈ ಪತ್ರ ಆ ಧ್ವನಿಮುದ್ರಣಗಳ ಬಗ್ಗೆ, ಅದರಲ್ಲೂ ವಿಭಾಗಗಳ ಬೀರುಗಳಲ್ಲಿ ಉಳಿದಿರುವ ಹಳೆಯ ಟೇಪುಗಳ ಬಗ್ಗೆ.

ಕನ್ನಡದ ಮಟ್ಟಿಗೆ ಈ ಕೆಲಸದ ಒಳ್ಳೆಯ ಮಾದರಿಗಳು ಹೊರರಾಜ್ಯಗಳಲ್ಲೇ ಸಿಗುತ್ತವೆ. ಪುಣೆಯ ಡೆಕ್ಕನ್ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ಶುರುವಾಯಿತು. 1950ರ ದಶಕದಲ್ಲಿ ಅಲ್ಲಿ ಭಾಷಾವಿಜ್ಞಾನದ ಬೇಸಿಗೆ ಶಾಲೆಗಳು ನಡೆದವು, ದೇಶದ ಒಂದಿಡೀ ತಲೆಮಾರಿನ ಭಾಷಾವಿಜ್ಞಾನಿಗಳು ಅಲ್ಲಿ ಪಳಗಿದರು. ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡ, ಗುಲ್ಬರ್ಗ ಕನ್ನಡ, ಬಾರಕೂರು ಕನ್ನಡ ಎಂಬ ಉಪಭಾಷೆಗಳ ವಿವರಣೆಗಳು 1960ರ ದಶಕದ ಕೊನೆ ಮತ್ತು 70ರ ದಶಕದ ಆರಂಭದಲ್ಲಿ ಹೊರಬಂದದ್ದು ಅಲ್ಲಿಂದಲೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕರಾವಳಿಯ ಕೊರಗ ಸಮುದಾಯದ ಭಾಷೆಯ ಬಗ್ಗೆ ಬರೆದ ಪುಸ್ತಕವೂ 1971ರಲ್ಲಿ ಅಲ್ಲಿಂದ ಬಂತು. ಇಂದು ಸ್ವಂತ ಅಕಾಡೆಮಿಯನ್ನೇ ಪಡೆದಿರುವ ಅರೆಭಾಷೆಯನ್ನು 'ಗೌಡ ಕನ್ನಡ' ಎಂಬ ಹೆಸರಿನಲ್ಲಿ ಕುಶಾಲಪ್ಪ ಗೌಡರು ವಿವರಿಸಿದ್ದನ್ನು 1970ರಲ್ಲಿ ಪ್ರಕಟಿಸಿದ್ದು ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯ. ಇವೆಲ್ಲ ಇಂಗ್ಲಿಷಿನಲ್ಲಿ ಬರೆದ ಸಣ್ಣ ಪುಸ್ತಕಗಳು, ಓದಲು ಸ್ವಲ್ಪ ಒಣ. ಆದರೆ ಆ ಊರಿನ ಮಾತಿನಲ್ಲಿ ಸ್ವರ ಎಷ್ಟು, ಕ್ರಿಯಾಪದ ಹೇಗೆ ತಿರುಗುತ್ತದೆ, ಯಾವ ವಸ್ತುವಿಗೆ ಯಾವ ಹೆಸರು ಎಂಬುದಕ್ಕೆ ಅರ್ಧ ಶತಮಾನ ಕಳೆದ ಮೇಲೂ ಅವುಗಳನ್ನೇ ತೆರೆಯಬೇಕು. ವಿಭಾಗದ ಸಾಧನೆ ಅಂದರೆ ಇದು.

ಇನ್ನೂ ಹಿಂದಕ್ಕೆ ಹೋದರೆ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಸಿಗುತ್ತಾರೆ. 1935ರಿಂದ 1938ರವರೆಗೆ ನೀಲಗಿರಿ ಮತ್ತು ಕೊಡಗಿನ ಸುತ್ತ ತೋದ, ಕೋತ, ಕೊಡವ ಮಾತುಗಳನ್ನು ಬರೆದುಕೊಂಡವರು. ಕೋತ ಸಮುದಾಯದ ಸುಲ್ಲಿ ಎಂಬಾತ ಹೇಳುತ್ತಾ ಹೋದ ಕತೆಗಳನ್ನು ಕೈಬರಹದಲ್ಲಿ ಇಳಿಸಿಕೊಂಡು 1944ರಿಂದ 46ರ ನಡುವೆ ಕೋತ ಪಠ್ಯಗಳನ್ನು ಪ್ರಕಟಿಸಿದರು. ಆಮೇಲೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. ಇಂಗ್ಲೆಂಡಿನ ವಿದ್ವಾಂಸ ಟಿ. ಬರೋ ಜೊತೆಗೂಡಿ ಅವರು ಮಾಡಿದ ದ್ರಾವಿಡ ನಿಷ್ಪತ್ತಿ ಕೋಶ (ದ್ರಾವಿಡ ಭಾಷೆಗಳ ಒಂದೇ ಮೂಲದ ಪದಗಳನ್ನು ಜೋಡಿಸಿಟ್ಟ ನಿಘಂಟು) 1961ರಲ್ಲಿ ಬಂತು, ಪರಿಷ್ಕೃತ ಆವೃತ್ತಿ 1984ರಲ್ಲಿ. ಆ ಕೋಶದ ಕನ್ನಡದ ಬಹುಪಾಲು ಪದಗಳು 1894ರ ಕಿಟ್ಟೆಲ್ ಕೋಶದಿಂದ ಬಂದವು. ಅವುಗಳ ಪಕ್ಕದಲ್ಲಿ ಕೋತ, ತೋದ, ಕೊಲಾಮಿ, ಪರ್ಜಿ, ಕೊಂಡ ಎಂಬ ಸಣ್ಣ ದ್ರಾವಿಡ ಭಾಷೆಗಳ ಪದಗಳು ಕೂರಲು ಕಾರಣ ಯಾರೋ ಗುಡ್ಡ ಹತ್ತಿ ಕೇಳಿ ಬರೆದುಕೊಂಡದ್ದು. ಅದರಲ್ಲಿ ಕೊಂಡ ಭಾಷೆಯನ್ನು ವಿವರಿಸಿದ ಭದ್ರಿರಾಜು ಕೃಷ್ಣಮೂರ್ತಿಯವರು ಹೈದರಾಬಾದಿನ ಉಸ್ಮಾನಿಯಾದ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿದವರು. ದೆಹಲಿಯ ಜೆಎನ್‌ಯುವಿನಲ್ಲಿದ್ದ ಅನ್ವಿತಾ ಅಬ್ಬಿಯವರು ಅಂಡಮಾನಿನಲ್ಲಿ ಮಾಡಿದ ಕೆಲಸವೂ ಇದೇ ಸಾಲಿನದು. ಅಲ್ಲಿನ ಬೊ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ 2010ರ ಜನವರಿ 26ರಂದು ತೀರಿಕೊಂಡಾಗ ಆಕೆಯ ದನಿ ಉಳಿದಿದ್ದುದು ಅದಕ್ಕೂ ಮುಂಚೆ ಯಾರೋ ಮೈಕು ಹಿಡಿದಿದ್ದರಿಂದ.

ಈ ಕೆಲಸ ಸುದ್ದಿಗೆ ಒಗ್ಗದಿರಲು ಒಂದು ಕಾರಣವೆಂದರೆ ಅದರ ವೇಗ. ಒಂದು ಗಂಟೆಯ ಮಾತನ್ನು ಮುದ್ರಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು. ಅದನ್ನು ಬರಹಕ್ಕೆ ಇಳಿಸಿ, ಪದ ಬಿಡಿಸಿ, ಪ್ರತಿ ಪ್ರತ್ಯಯಕ್ಕೂ ಅರ್ಥ ಕೊಟ್ಟು, ಅನುವಾದಿಸಲು ಸುಮಾರು ಮೂವತ್ತು–ನಲವತ್ತು ಗಂಟೆ ಬೇಕು. ಭಾಷೆ ಹೊಸದಾದರೆ ನೂರಕ್ಕೂ ಹೋಗಬಹುದು. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಉಚಿತವಾಗಿ ಕೊಡುವ ಇಲಾನ್ ತಂತ್ರಾಂಶದಲ್ಲಿ ಧ್ವನಿಯ ಅಲೆ ಮೇಲೆ ಇರುತ್ತದೆ, ಕೆಳಗೆ ಸಾಲು ಸಾಲಾಗಿ ಬರೆಯುತ್ತಾ ಹೋಗಬೇಕು. ಮೊದಲ ಸಾಲಿನಲ್ಲಿ ಕೇಳಿಸಿದ್ದು ಕೇಳಿಸಿದ ಹಾಗೆ, ಎರಡನೆಯದರಲ್ಲಿ ಪದದ ತುಂಡುಗಳು, ಮೂರನೆಯದರಲ್ಲಿ ಒಂದೊಂದು ತುಂಡಿನ ಅರ್ಥ, ನಾಲ್ಕನೆಯದರಲ್ಲಿ ವಾಕ್ಯದ ಅನುವಾದ. ಇದರಲ್ಲಿ ಮೊದಲ ಸಾಲೇ ಅತಿ ಕಷ್ಟದ್ದು, ಮತ್ತು ಅಲ್ಲಿ ತಪ್ಪಿದರೆ ಉಳಿದ ಮೂರೂ ತಪ್ಪುತ್ತವೆ.

ತುಳುವಿನ ಒಂದು ಜೋಡಿ ನೋಡಿ. 'ನಾನು ಬಂದೆ' ಅನ್ನುವುದಕ್ಕೂ 'ಅವನು ಬಂದ' ಅನ್ನುವುದಕ್ಕೂ ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ 'ಬತ್ತೆ'. ಆಡುವಾಗ ಎರಡೂ ಬೇರೆ. 'ನಾನು' ಇದ್ದಾಗ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, 'ಅವನು' ಇದ್ದಾಗ ಕಡಿಮೆ. ತುಳುವರ ಕಿವಿಗೆ ಇದರಲ್ಲಿ ಗೊಂದಲವೇ ಇಲ್ಲ. ಕನ್ನಡದಲ್ಲಿ ಬೆಳೆದ ಸಂಶೋಧಕ ಮೊದಲ ವಾರ ಎರಡನ್ನೂ ಒಂದೇ ಅಂತ ಬರೆದುಕೊಳ್ಳುತ್ತಾನೆ, ಆಮೇಲೆ ಕ್ರಿಯಾಪದದ ಪಟ್ಟಿ ಮಾಡುವಾಗ ತಲೆ ಕೆಡಿಸಿಕೊಳ್ಳುತ್ತಾನೆ. ಕೊಡವದಲ್ಲಿ ಕನ್ನಡಕ್ಕಿಲ್ಲದ ಸ್ವರಗಳು ಇನ್ನೂ ಹೆಚ್ಚು. ಕನ್ನಡ ಲಿಪಿಯಲ್ಲಿ ಮಾತ್ರ ಬರೆದಿಟ್ಟು ಧ್ವನಿಯನ್ನು ಕಳೆದುಕೊಂಡರೆ ಈ ವ್ಯತ್ಯಾಸವನ್ನು ಮರಳಿ ಪಡೆಯುವ ದಾರಿ ಇಲ್ಲ. ಧ್ವನಿ ಉಳಿದಿದ್ದರೆ ಐವತ್ತು ವರ್ಷದ ಮೇಲೂ ಪ್ರಾಟ್ ತಂತ್ರಾಂಶದಲ್ಲಿ ಹಾಕಿ ಅಳೆಯಬಹುದು, ತಿದ್ದಬಹುದು.

ಕೇಳುವ ವಿಧಾನದಲ್ಲೂ ಎಡವುವುದುಂಟು. ಕೊರಗರು ಹೊರಗಿನವರೊಡನೆ ತುಳು ಅಥವಾ ಕನ್ನಡ ಮಾತಾಡುತ್ತಾರೆ. ವಿದ್ಯಾರ್ಥಿ ತುಳುವಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ತುಳುವಿನಲ್ಲೇ ಬರುತ್ತದೆ, ಅವನು ಅದನ್ನು ಕೊರಗ ಎಂದು ಬರೆದುಕೊಂಡು ಬರುತ್ತಾನೆ. ನೂರು ಪದಗಳ ಪಟ್ಟಿ ಹಿಡಿದು 'ಕೈಗೆ ಏನಂತೀರಿ, ಕಾಲಿಗೆ ಏನಂತೀರಿ' ಎಂದು ಒಂದೇ ಉಸಿರಿಗೆ ಕೇಳಿದರೆ ಇಪ್ಪತ್ತನೇ ಪದದ ಹೊತ್ತಿಗೆ ಎದುರಿನವರು ಕೇಳಿದ ಪದವನ್ನೇ ಸ್ವಲ್ಪ ತಿರುಚಿ ಹೇಳತೊಡಗುತ್ತಾರೆ. ಅನುಭವವುಳ್ಳ ವಿಭಾಗಗಳು ಪದಪಟ್ಟಿಯನ್ನು ಮೊದಲ ದಿನಕ್ಕೆ ಮಾತ್ರ ಇಟ್ಟುಕೊಳ್ಳುತ್ತವೆ. ಆಮೇಲೆ ಬುಟ್ಟಿ ಹೆಣೆಯುವುದು ಹೇಗೆ, ಬಿದಿರನ್ನು ಯಾವ ತಿಂಗಳಲ್ಲಿ ಕಡಿಯಬೇಕು ಎಂದು ವಿವರಿಸಲು ಬಿಡುತ್ತವೆ. ಹಾಗೆ ತಾನಾಗಿ ಹರಿಯುವ ಮಾತಿನಲ್ಲಿ ಸಂಬಂಧಿತ ಕೃದಂತಗಳು ('ಕಡಿದ ಬಿದಿರು' ಎನ್ನುವಲ್ಲಿನ 'ಕಡಿದ' ಎಂಬಂಥವು), ನಿಷೇಧ ರೂಪಗಳು, ಪದಪಟ್ಟಿಯಲ್ಲಿ ಸಾವಿರ ಸಲ ಕೇಳಿದರೂ ಬಾರದಂಥವು, ಹತ್ತು ನಿಮಿಷದಲ್ಲಿ ಸಿಗುತ್ತವೆ.

ಈಗಿನ ಧ್ವನಿಮುದ್ರಣದ ಬಗ್ಗೆ ನಾಲ್ಕು ಮಾತು ಸಾಕು. 48 ಕಿಲೋಹರ್ಟ್ಸ್, 24 ಬಿಟ್, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಇಲ್ಲದಿದ್ದರೆ ಪ, ಬ ಬಂದಾಗೆಲ್ಲ ಗಾಳಿ ಬಡಿಯುತ್ತದೆ. ಅತಿ ಜೋರಿನ ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಬೇಕು. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಸರಿಪಡಿಸದು. ಟೈಲ್ಸ್ ಹಾಕಿದ ಹೊಸ ಹಾಲ್‌ಗಿಂತ ಹಳೆಯ ಮಣ್ಣಿನ ಜಗುಲಿ ಎಷ್ಟೋ ಮೇಲು, ಅಲ್ಲಿ ಪ್ರತಿಧ್ವನಿ ಇಲ್ಲ. ಮೊಬೈಲಿನ ಸದ್ದಡಗಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಬೇಕು. ಅದು ಸ, ಶ, ಹ ಧ್ವನಿಗಳನ್ನೂ ಗಾಳಿಯ ಸದ್ದೆಂದು ತಿಳಿದು ಅಳಿಸುತ್ತದೆ. ವಾಟ್ಸ್ಆ್ಯಪ್ ಧ್ವನಿ ಸಂದೇಶವನ್ನು ದತ್ತಾಂಶ ಎಂದು ಸಂಗ್ರಹಿಸುವುದಂತೂ ಬೇಡವೇ ಬೇಡ, ಅಷ್ಟು ಕುಗ್ಗಿಸಿದ ಧ್ವನಿಯಲ್ಲಿ ಅಳೆಯಲು ಉಳಿಯುವುದು ಕಡಿಮೆ.

ನಾವು ಈ ಪತ್ರ ಬರೆಯುತ್ತಿರುವ ಮುಖ್ಯ ಕಾರಣ ಹಳೆಯ ಟೇಪುಗಳು. 1960ರಿಂದ 1990ರ ದಶಕದವರೆಗೆ ಕ್ಷೇತ್ರಕಾರ್ಯ ಮಾಡಿದವರೆಲ್ಲ, ಅಂದರೆ ಊರೂರಿಗೆ ಹೋಗಿ ಮಾತು ಸಂಗ್ರಹಿಸಿದವರೆಲ್ಲ, ಸ್ಪೂಲ್ ಟೇಪು (ಡಬ್ಬಿಯಿಲ್ಲದ ತೆರೆದ ಸುರುಳಿಯದು), ಆಮೇಲೆ ಕ್ಯಾಸೆಟ್ಟು ಬಳಸಿದರು. ಅವರು ನಿವೃತ್ತರಾದ ಮೇಲೆ ಆ ಪೆಟ್ಟಿಗೆಗಳು ಕಬ್ಬಿಣದ ಬೀರುವಿನೊಳಗೆ, ಬೀರು ವಿಭಾಗದ ಉಗ್ರಾಣಕ್ಕೆ. ಒಂದು ಮಾದರಿ ಕ್ಯಾಸೆಟ್ಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಟ್ಟು ಒಂದು ಗಂಟೆ ಓಡುವ ಸಿ-60, ಮೇಲೆ ಬಾಲ್‌ಪೆನ್ನಿನಲ್ಲಿ 'ಕೊರಗ 3, ಮದುವೆ ಹಾಡು' ಎಂದಷ್ಟೇ ಇದೆ. ಊರಿಲ್ಲ, ತಾರೀಖಿಲ್ಲ, ಹಾಡಿದವರ ಹೆಸರಿಲ್ಲ. ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಯಾರೂ ಮುರಿದಿಲ್ಲ, ಅಂದರೆ ಯಾರಾದರೂ ರೆಕಾರ್ಡ್ ಗುಂಡಿ ಒತ್ತಿದರೆ ಮದುವೆ ಹಾಡಿನ ಮೇಲೆ ಸಿನಿಮಾ ಹಾಡು ಕೂರುತ್ತದೆ. ಕಿಟಕಿಯಂಥ ಭಾಗದಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ. ಟೇಪನ್ನು ಹೆಡ್ಡಿಗೆ (ಯಂತ್ರದಲ್ಲಿ ಟೇಪಿನ ಧ್ವನಿ ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಚಿಕ್ಕ ಪ್ಯಾಡಿನ ಗೋಂದು ಒಣಗಿ ಅದು ಒಳಗೆಲ್ಲೋ ಬಿದ್ದಿದೆ. ಇಂಥದ್ದನ್ನು ಆಪರೇಟರ್ ಪ್ಲೇಯರಿಗೆ ಹಾಕಿ, ಮಂದವಾಗಿ ಗೊರಗೊರ ಅಂದದ್ದನ್ನು ಕೇಳಿ, 'ಹಾಳಾಗಿದೆ' ಎಂದು ಬರೆದು ವಿಲೇವಾರಿ ಪಟ್ಟಿಗೆ ಸೇರಿಸುತ್ತಾನೆ. ಅದು ಹಾಳಾಗಿರುವುದಿಲ್ಲ.

ಏನು ಮಾಡಬೇಕು ಎಂದರೆ, ಮೊದಲಿಗೆ ಆ ಎರಡು ಹಲ್ಲು ಮುರಿಯಬೇಕು. ಬಿಳಿ ಪುಡಿ ಬೂಷ್ಟು. ಅದನ್ನು ಯಾವ ಯಂತ್ರಕ್ಕೂ ಹಾಕಬಾರದು, ಒಂದು ಟೇಪಿನ ಬೂಷ್ಟು ಯಂತ್ರದ ಮೂಲಕ ಮುಂದಿನ ಹತ್ತಕ್ಕೆ ಅಂಟುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಮೆತ್ತನೆಯ ಬಟ್ಟೆಯಿಂದ ನಿಧಾನಕ್ಕೆ ಒರೆಸಬೇಕು. ಕರಾವಳಿ, ಮಲೆನಾಡಿನ ವಿಭಾಗಗಳಿಗೆ ಇದು ಎಂದಿಗೂ ತಪ್ಪದ ಕೆಲಸ. ಪ್ಯಾಡು ಬಿದ್ದಿದ್ದರೆ ಐದು ಸ್ಕ್ರೂಗಳ ಹೊಸ ಖಾಲಿ ಕ್ಯಾಸೆಟ್ ಡಬ್ಬಿ ತಂದು, ಹಳೆಯದರ ಟೇಪನ್ನು ಸುರುಳಿ ಸಮೇತ ಅದಕ್ಕೆ ವರ್ಗಾಯಿಸಿದರೆ ಮಂದವಾಗಿದ್ದ ಧ್ವನಿ ತಟ್ಟನೆ ತಿಳಿಯಾಗುತ್ತದೆ. ಸ್ಕ್ರೂ ಇಲ್ಲದೆ ಅಂಟಿಸಿದ ಡಬ್ಬಿಯಾದರೆ ಅಂಚಿನಲ್ಲಿ ಒಡೆದು ತೆಗೆಯುವುದೇ ದಾರಿ. ಟೇಪು ತುಂಡಾಗಿದ್ದರೆ ಜೋಡಿಸಲು ಟೇಪು ಜೋಡಿಸುವ ಪಟ್ಟಿಯನ್ನೇ ಬಳಸಬೇಕು. ಸೆಲ್ಲೋಟೇಪಿನ ಗೋಂದು ವರ್ಷ ಕಳೆದಂತೆ ಹೊರಗೆ ಜಿನುಗಿ ಮೇಲಿನ ಕೆಳಗಿನ ಸುತ್ತುಗಳನ್ನೂ ಅಂಟಿಸಿಬಿಡುತ್ತದೆ. ಎರಡು ಗಂಟೆಯ ಸಿ-120 ಕ್ಯಾಸೆಟ್ಟುಗಳ ಟೇಪು ತೀರಾ ತೆಳು, ಅವನ್ನು ವೇಗವಾಗಿ ಹಿಂದೆ ಮುಂದೆ ಓಡಿಸಬಾರದು.

ಸ್ಪೂಲ್ ಟೇಪುಗಳ ತಾಪತ್ರಯ ಬೇರೆ. ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಹಾದುಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ಬಾರದಿದ್ದರೆ ಹೆಚ್ಚಾಗಿ ಪಾಲಿಯೆಸ್ಟರ್. ಅಸಿಟೇಟ್ ವಯಸ್ಸಾದಂತೆ ವಿನೆಗರಿನ ವಾಸನೆ ಬಿಡುತ್ತದೆ, ಸುರುಟುತ್ತದೆ, ಪಟಕ್ಕನೆ ತುಂಡಾಗುತ್ತದೆ. ಆದರೆ ತುಂಡು ನೇರವಾಗಿರುವುದರಿಂದ ಸುಲಭವಾಗಿ ಜೋಡಿಸಬಹುದು. ಪಾಲಿಯೆಸ್ಟರ್ ತುಂಡಾಗುವ ಮುಂಚೆ ಎಳೆದುಕೊಳ್ಳುತ್ತದೆ, ಎಳೆದುಕೊಂಡ ಭಾಗದ ಮಾತು ಹೋದಂತೆಯೇ. 1970–80ರ ದಶಕದ ಕೆಲವು ಬಗೆಯ ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗಿರುತ್ತದೆ. ಪ್ಲೇ ಮಾಡಿದರೆ ಕಿರ್ರೆನ್ನುತ್ತದೆ, ಹೆಡ್ಡಿನ ಮೇಲೆ ಕಂದು ಮಡ್ಡಿ ಕಟ್ಟುತ್ತದೆ, ಆ ಮಡ್ಡಿಯೇ ಮುದ್ರಿತ ಮಾತು. ಕೂಡಲೇ ನಿಲ್ಲಿಸಬೇಕು. ಪ್ರಯೋಗಾಲಯದ ಒಲೆಯಲ್ಲಿ ಸುಮಾರು 50ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಬೆಚ್ಚಗಿಟ್ಟರೆ ಅಂಟು ತಾತ್ಕಾಲಿಕವಾಗಿ ಬಿಗಿಯಾಗುತ್ತದೆ, ಅಷ್ಟರಲ್ಲಿ ನಕಲು ತೆಗೆದುಕೊಳ್ಳಬೇಕು. ಅಡುಗೆಮನೆಯ ಓವನ್ನಿನಲ್ಲಿ ಈ ಸಾಹಸ ಬೇಡ, ಅದರ ಉಷ್ಣತೆ ಒಂದೇ ಸಮ ಇರುವುದಿಲ್ಲ. ಅಸಿಟೇಟನ್ನಂತೂ ಕಾಯಿಸಲೇಬಾರದು.

ನಕಲು ತೆಗೆಯುವಾಗ ಜನ ಹೆಚ್ಚಾಗಿ ತಪ್ಪುವುದು ಹೆಡ್ಡಿನ ಓರೆಯಲ್ಲಿ. ಮೂಲ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೆ ಈಗಿನ ಯಂತ್ರದ ಹೆಡ್ಡನ್ನೂ ಅಷ್ಟೇ ವಾಲಿಸಬೇಕು. ಹೆಡ್ಡಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಎರಡೂ ಚಾನೆಲ್ಲುಗಳನ್ನು ಒಂದಾಗಿಸಿ ಕೇಳುತ್ತಾ, ಸಕಾರ ಶಕಾರಗಳು ಅತಿ ಚೂಪಾಗಿ ಕೇಳುವವರೆಗೆ ಅದನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಬೇಕು, ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ. ಇದನ್ನು ಬಿಟ್ಟರೆ ಸ, ಶ ಎರಡೂ ಒಂದೇ ತೆರನಾಗಿ ಕೇಳುತ್ತವೆ. ಆಮೇಲೆ ಯಾರೋ ಕುಳಿತು 'ಈ ಉಪಭಾಷೆಯಲ್ಲಿ ಶಕಾರವಿಲ್ಲ' ಎಂದು ಪ್ರಬಂಧ ಬರೆಯುತ್ತಾರೆ!

ವೇಗದ ವಿಷಯವೂ ಹಾಗೇ. ಹಳ್ಳಿಯಲ್ಲಿ ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ಮುದ್ರಿಸಿದ ಮಾತು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಕೀಚಲಾಗಿ, ಅವಸರವಾಗಿ ಕೇಳುತ್ತದೆ. ನೂರಕ್ಕೆ ಐದರಷ್ಟು ವೇಗ ಹೆಚ್ಚಾದರೂ ಸ್ವರದ ಕಾಲಾವಧಿ ಅಷ್ಟೇ ಕುಗ್ಗುತ್ತದೆ, ಹ್ರಸ್ವ ದೀರ್ಘಗಳ ಅಳತೆ ಕೆಡುತ್ತದೆ. ಹಾಗೆಂದು ಮೂಲ ನಕಲನ್ನೇ ತಿದ್ದಬಾರದು. ಮೊದಲು ಇದ್ದದ್ದು ಇದ್ದಹಾಗೆ, ಯಾವ ಸದ್ದು ತೆಗೆಯುವ ಉಪಾಯವನ್ನೂ ಬಳಸದೆ ಒಂದು ಪ್ರತಿ. ತಿದ್ದುವುದೆಲ್ಲ ಇನ್ನೊಂದು ಪ್ರತಿಯಲ್ಲಿ. ಸ್ಪೂಲಿನಲ್ಲಿ ಮಾತು ಹಿಂದುಮುಂದಾಗಿ ಕೇಳಿದರೆ ಹೆದರಬೇಕಾಗಿಲ್ಲ, ಅದು ಇನ್ನೊಂದು ಬದಿಯ ಮುದ್ರಣ. ಯಂತ್ರದ ಟ್ರ್ಯಾಕು ಟೇಪಿನ ಟ್ರ್ಯಾಕಿಗೆ ಹೊಂದಿಲ್ಲ ಎಂದರ್ಥ. ಮಾತಿಗೆ ಮುಂಚೆಯೇ ಅದರ ಕ್ಷೀಣ ನೆರಳು ಕೇಳಿದರೆ ಪಕ್ಕದ ಸುತ್ತಿನ ಕಾಂತತ್ವ ಅಚ್ಚಾಗಿದೆ. ಮೊದಲಿಂದ ಕೊನೆವರೆಗೆ ಎರಡು ಮೂರು ಸಲ ಸುತ್ತಿದರೆ ಸ್ವಲ್ಪ ಇಳಿಯುತ್ತದೆ.

ಇದೆಲ್ಲ ಭಾರೀ ಖರ್ಚಿನ ಬಾಬತ್ತು ಎಂಬ ನೆಪ ಕೇಳಿಬರುತ್ತದೆ. ಲೆಕ್ಕ ಹಾಕಿ. ಸಂಗ್ರಹಾಲಯದ ಮಟ್ಟದ ಗುಣಮಟ್ಟ, ಅಂದರೆ 96 ಕಿಲೋಹರ್ಟ್ಸ್, 24 ಬಿಟ್, ಒಂದು ಚಾನೆಲ್, ಗಂಟೆಗೆ ಸುಮಾರು 1.04 ಗಿಗಾಬೈಟ್. ಐನೂರು ಸಿ-60 ಕ್ಯಾಸೆಟ್ಟುಗಳಿಗೆ 520 ಗಿಗಾಬೈಟ್ ಸಾಕು, ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಜಾಗಕ್ಕಿಂತ ಹೆಚ್ಚು ಬೇಕಾದದ್ದು ಆಳಿನ ಹೊತ್ತು. ಗಂಟೆಯ ಟೇಪು ಓಡಲು ಗಂಟೆಯೇ ಬೇಕು, ಅದನ್ನು ಒಪ್ಪಮಾಡಿ ವಿವರ ಬರೆಯಲು ಇನ್ನೊಂದು ಗಂಟೆ. ದಿನಕ್ಕೆ ನಾಲ್ಕು ಟೇಪು ಅಂದರೆ ಐನೂರಕ್ಕೆ 125 ಕೆಲಸದ ದಿನ, ಒಬ್ಬ ಯೋಜನಾ ಸಹಾಯಕರ ಆರು ತಿಂಗಳು. ಆಸ್ಟ್ರೇಲಿಯಾದ ಕೆಲವು ವಿಶ್ವವಿದ್ಯಾಲಯಗಳು ಸೇರಿ 2003ರಲ್ಲಿ ಶುರುಮಾಡಿದ ಪ್ಯಾರಡಿಸೆಕ್ ಎಂಬ ಸಂಗ್ರಹ ಇದನ್ನೇ ಮಾಡಿತು: ನಿವೃತ್ತ ಸಂಶೋಧಕರ ಮನೆ, ಕಚೇರಿಗಳಲ್ಲಿದ್ದ ಪೆಸಿಫಿಕ್ ದ್ವೀಪಗಳ ಭಾಷೆಗಳ ಟೇಪುಗಳನ್ನು ಒಟ್ಟುಹಾಕಿ ಡಿಜಿಟಲ್ ಮಾಡಿತು. ಅಂಥ ಜಂಟಿ ಕೇಂದ್ರ ನಮ್ಮ ವಿಶ್ವವಿದ್ಯಾಲಯಗಳಿಗೂ ಸಾಧ್ಯ. ಒಂದು ಒಳ್ಳೆಯ ಕ್ಯಾಸೆಟ್ ಡೆಕ್ಕು, ಒಂದು ಸ್ಪೂಲ್ ಯಂತ್ರ, ಅವುಗಳನ್ನು ರಿಪೇರಿ ಮಾಡಬಲ್ಲ ಒಬ್ಬ ಮೆಕ್ಯಾನಿಕ್ ಎಲ್ಲ ವಿಭಾಗಗಳಿಗೂ ಸಾಕು. ಕೊನೆಯದು ಈಗ ಯಂತ್ರಕ್ಕಿಂತ ದುರ್ಲಭ.

ಡಿಜಿಟಲ್ ಮಾಡಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡವರೂ ಕೈ ಸುಟ್ಟುಕೊಂಡಿದ್ದಾರೆ. ಎರಡು ದಶಕದ ಹಿಂದೆ ಸಿಡಿಗೆ ಬರೆದು ಬೀರುವಿನಲ್ಲಿಟ್ಟ ನಕಲುಗಳಲ್ಲಿ ಈಗ ಓದಲಾಗದವು ಬಹಳ. ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಕನಿಷ್ಠ ನಿಯಮ ಪಾಲಿಸಬೇಕು. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಲೆಕ್ಕಹಾಕಿ ಇಟ್ಟರೆ ವರ್ಷಕ್ಕೊಮ್ಮೆ ಹೋಲಿಸಿ ಯಾವುದು ಕೆಟ್ಟಿದೆ ಎಂದು ಗೊತ್ತುಮಾಡಿಕೊಳ್ಳಬಹುದು.

ಬರಹದ ದತ್ತಾಂಶಕ್ಕೂ ಇದೇ ಗತಿ ಬಂದಿದೆ. 1990ರ ದಶಕ ಮತ್ತು ಆಮೇಲೆ ಕನ್ನಡದಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಪದಪಟ್ಟಿಗಳು ಯೂನಿಕೋಡಿನಲ್ಲಿಲ್ಲ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿಲ್ಲ). ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿವೆ. ಧ್ವನಿ ಲಿಪಿಗೆ ಆಗ ಬಳಸಿದ ಫಾಂಟುಗಳೂ ಹಾಗೆಯೇ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಡ್ಡಾದಿಡ್ಡಿ ರೋಮನ್ ಅಕ್ಷರಗಳು. ಪರಿವರ್ತಕಗಳು ಇವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರದ ಮೇಲಿನ ದೀರ್ಘ ಬಿದ್ದುಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತುಳು, ಕೊಡವದ ವಿಶೇಷ ಸ್ವರಕ್ಕೆಂದು ಟೈಪಿಸ್ಟರು ತಾವೇ ಕಂಡುಕೊಂಡ ಚಿಹ್ನೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಪರಿವರ್ತಿಸಿದ ಮೇಲೆ ಮೊದಲ ಇನ್ನೂರು ಪದಗಳನ್ನಾದರೂ ಮುದ್ರಿತ ಪ್ರತಿಯೊಡನೆ ಒಂದೊಂದಾಗಿ ತಾಳೆ ನೋಡಬೇಕು.

ಕ್ಷೇತ್ರಕಾರ್ಯದಲ್ಲಿ ಪದ ಬರೆದಿಟ್ಟ ಮೂರು–ಐದು ಇಂಚಿನ ಚೀಟಿಗಳನ್ನೂ ಎಸೆಯಬಾರದು. ಮೂಲೆಯಲ್ಲಿ ಊರು, ಕೆಳಗೆ ವಕ್ತೃವಿನ ವಯಸ್ಸು, ಬದಿಗೆ ಪೆನ್ಸಿಲಿನಲ್ಲಿ 'ಇದನ್ನು ಹೆಂಗಸರು ಮಾತ್ರ ಆಡುತ್ತಾರೆ' ಎಂಬಂಥ ಟಿಪ್ಪಣಿ. ಆ ಪೆನ್ಸಿಲ್ ಟಿಪ್ಪಣಿ ಕೋಶಕ್ಕೂ ಬಂದಿರುವುದಿಲ್ಲ, ಕಂಪ್ಯೂಟರಿಗೂ ಏರಿರುವುದಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಮುಂದಾಳ್ತನದಲ್ಲಿ ಆದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂತು. ಅಷ್ಟು ದೊಡ್ಡ ಕೋಶವೂ ತನ್ನ ಹಿಂದಿನ ಚೀಟಿಗಳ ಎಲ್ಲ ವಿವರವನ್ನೂ ಒಳಗೊಳ್ಳಲಾರದು.

ಪ್ರತಿ ಟೇಪಿನ ವಿವರ ಪಟ್ಟಿಯಲ್ಲಿ ಇರಬೇಕಾದದ್ದು: ಭಾಷೆಯ ಐಎಸ್‌ಒ 639-3 ಸಂಕೇತ (ಭಾಷೆಗಳಿಗೆ ಕೊಟ್ಟಿರುವ ಮೂರಕ್ಷರದ ಅಂತರರಾಷ್ಟ್ರೀಯ ಗುರುತು), ಊರು ಮತ್ತು ತಾಲ್ಲೂಕು, ತಾರೀಖು, ಮುದ್ರಿಸಿದವರು, ಮಾತಾಡಿದವರು, ವಿಷಯ, ಯಾವ ಯಂತ್ರ, ಎಷ್ಟು ನಿಮಿಷ. ಜೊತೆಗೆ ಅನುಮತಿ. ಹಳೆಯ ಟೇಪುಗಳಿಗೆ ಲಿಖಿತ ಒಪ್ಪಿಗೆ ಇರುವುದು ಅಪರೂಪ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಅಂತರ್ಜಾಲಕ್ಕೆ ಹಾಕಿ ಕೈತೊಳೆದುಕೊಳ್ಳುವುದು ತಪ್ಪು. ಟೇಪನ್ನು ಆ ಊರಿಗೇ ಒಯ್ದು ಮನೆಯವರಿಗೆ ಕೇಳಿಸಿ, ದೈವದ ನುಡಿ, ಸಾವಿನ ಹಾಡುಗಳಂಥವನ್ನು ಬಿಡಬಹುದೇ ಎಂದು ಕೇಳಬೇಕು. ಹೀಗೆ ಕೇಳಿಸುವಾಗ ಇನ್ನೊಂದು ಲಾಭವಿದೆ. 'ಇದು ನಮ್ಮ ಅಜ್ಜಿಯ ದನಿ' ಎಂದು ಗುರುತಿಸುವವರು ಸಿಗುತ್ತಾರೆ, ಲೇಬಲ್ಲಿನಲ್ಲಿ ಇಲ್ಲದ ಹೆಸರು, ಊರು, ವರ್ಷ ಎಲ್ಲ ಅಲ್ಲೇ ತುಂಬಿಕೊಳ್ಳುತ್ತದೆ. ಒಂದು ಪ್ರತಿಯನ್ನು ಆ ಮನೆಗೆ ಕೊಟ್ಟು ಬರಬೇಕು, ಪೆನ್‌ಡ್ರೈವಿನಲ್ಲಾದರೂ ಸರಿ.

ಜನಗಣತಿಯನ್ನು ನೆಚ್ಚಿಕೊಂಡು ಭಾಷೆಗಳ ಸ್ಥಿತಿ ತಿಳಿಯಬಹುದು ಎಂದುಕೊಂಡರೆ ಅದೂ ಆಗುವುದಿಲ್ಲ. 2011ರ ಗಣತಿಯಲ್ಲಿ ಜನ ಹೇಳಿದ 19,569 ಮಾತೃಭಾಷೆಯ ಹೆಸರುಗಳನ್ನು ಪರಿಷ್ಕರಿಸಿ 1,369ಕ್ಕೆ ಇಳಿಸಿ, ಕೊನೆಗೆ 121 ಭಾಷೆಗಳಾಗಿ ಗುಂಪು ಮಾಡಿದ್ದಾರೆ. 10,000ಕ್ಕಿಂತ ಕಡಿಮೆ ಜನರ ಮಾತುಗಳು ಪ್ರತ್ಯೇಕವಾಗಿ ಕಾಣುವುದಿಲ್ಲ. ತುಳುವಿಗೆ 18,46,427, ಕೊಡವಕ್ಕೆ 1,13,857 ಎಂಬ ಅಂಕಿ ಸಿಗುತ್ತದೆ. ನೀಲಗಿರಿಯ ಬಡಗ ಕನ್ನಡದ ಅಡಿಯಲ್ಲಿ ಸೇರಿಹೋಗಿದೆ. ಯಾವುದು ಭಾಷೆ, ಯಾವುದು ಉಪಭಾಷೆ ಎಂದು ವಾದಿಸಲು ಬೇಕಾದ ಸಾಕ್ಷ್ಯ ಇರುವುದು ವಿಭಾಗಗಳ ಆ ಬೀರುಗಳಲ್ಲಿ.

ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯಂಥವು ಜಿಲ್ಲೆ ಜಿಲ್ಲೆಯ ಮಾತನ್ನು ಚಿತ್ರ ತೋರಿಸಿ ಮುದ್ರಿಸಿಕೊಳ್ಳುತ್ತಿವೆ. ಯಂತ್ರಗಳಿಗೆ ನಮ್ಮ ಮಾತು ಕಲಿಸಲು ಅವು ಬೇಕೇ ಬೇಕು. ಆದರೆ ಅವು ಇಂದಿನ ಮಾತು. 1960ರ ದಶಕದ ನಂಜನಗೂಡಿನ ಒಕ್ಕಲಿಗರ ಮನೆಯ ಮಾತಿನೊಡನೆ ಇಂದಿನದನ್ನು ಹೋಲಿಸಬೇಕಾದರೆ ಹಳೆಯ ಪುಸ್ತಕ, ಹಳೆಯ ಟೇಪು ಎರಡೂ ಬೇಕು.

ಪತ್ರಿಕೆಯವರಲ್ಲಿ ನಮ್ಮ ಕೋರಿಕೆ ಇಷ್ಟು. ಭಾಷಾವಿಜ್ಞಾನ ವಿಭಾಗದ ಸಮಾರಂಭಕ್ಕೆ ನಿಮ್ಮ ವರದಿಗಾರರು ಹೋದಾಗ ಮುಖ್ಯಸ್ಥರನ್ನು ಕೇಳಲಿ: ಈ ವರ್ಷ ಎಷ್ಟು ಗಂಟೆ ಮುದ್ರಿಸಿದಿರಿ, ಎಷ್ಟು ಬರಹಕ್ಕಿಳಿಯಿತು, ಪಿಎಚ್.ಡಿ. ಮುಗಿಸಿದವರು ತಮ್ಮ ಮೂಲ ಧ್ವನಿಯನ್ನು ವಿಭಾಗಕ್ಕೆ ಒಪ್ಪಿಸಿದರೇ, ಇಲ್ಲ ಸ್ವಂತ ಲ್ಯಾಪ್‌ಟಾಪಿನಲ್ಲೇ ಇದೆಯೇ? ಪ್ರಬಂಧದ ಜೊತೆಗೆ ಧ್ವನಿಯನ್ನೂ ಒಪ್ಪಿಸುವುದನ್ನು ಕಡ್ಡಾಯ ಮಾಡಲು ವಿಶ್ವವಿದ್ಯಾಲಯಗಳಿಗೆ ಒಂದು ಸುತ್ತೋಲೆ ಸಾಕು. ವಿಭಾಗಗಳು ತಮ್ಮಲ್ಲಿರುವ ಟೇಪುಗಳ ಪಟ್ಟಿಯನ್ನು, ಧ್ವನಿ ಕೊಡದಿದ್ದರೂ ಸರಿ, ಬರೀ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಹಾಕಲಿ. ಅಂಥ ಪಟ್ಟಿ ಹಾಕಿದ ವಿಭಾಗವನ್ನು ಪತ್ರಿಕೆ ಮುಖಪುಟದಲ್ಲಿ ಹೊಗಳಿದರೂ ನಮ್ಮ ತಕರಾರಿಲ್ಲ.

ಕಡೆಗೆ, ಮನೆಯಲ್ಲಿ ಅಪ್ಪನೋ ಅತ್ತೆಯೋ ಕ್ಷೇತ್ರಕಾರ್ಯ ಮಾಡಿ ಇಟ್ಟುಹೋದ ಟೇಪುಗಳಿರುವ ಓದುಗರಿಗೆ. ಏನಿದೆ ನೋಡೋಣ ಎಂದು ಹಳೆಯ ಟೇಪ್‌ರೆಕಾರ್ಡರಿಗೆ ಹಾಕಬೇಡಿ, ಒಣಗಿದ ಟೇಪಿಗೆ ಅದೇ ಕೊನೆಯ ಓಟವಾಗಬಹುದು. ಫ್ರಿಜ್ಜಿನಲ್ಲಿಡಬೇಡಿ, ಟಿವಿ ಸ್ಪೀಕರಿನ ಮೇಲೂ ಬೇಡ. ಕ್ಯಾಸೆಟ್ಟಿನ ಹಲ್ಲು ಮುರಿದು, ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಲೇಬಲ್ಲಿನ ಎರಡೂ ಬದಿಯ ಫೋಟೊ ತೆಗೆಯಿರಿ. ಜೊತೆಗೆ ಸಿಕ್ಕಿದ ಡೈರಿ, ಬಸ್ ಟಿಕೆಟ್, ಖರ್ಚಿನ ಚೀಟಿಗಳನ್ನು ಆಯಾ ಟೇಪಿನ ಜೊತೆಗೇ ಕಟ್ಟಿಡಿ. ತಾರೀಖು ಬರೆಯದ ಟೇಪಿಗೆ ತಾರೀಖು ಸಿಗುವುದು ಹೆಚ್ಚಾಗಿ ಆ ಬಸ್ ಟಿಕೆಟ್ಟಿನಿಂದ. ವಿಭಾಗಕ್ಕೆ ಒಪ್ಪಿಸುವಾಗ ಟೇಪುಗಳ ಸಂಖ್ಯೆ ಬರೆಸಿ ಸಹಿ ಮಾಡಿದ ರಸೀದಿ ಪಡೆಯಿರಿ, ಡಿಜಿಟಲ್ ಪ್ರತಿ ಮನೆಗೆ ಯಾವಾಗ ಬರುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.

ಇಂತಿ,
ಭಾಷಾ ಕ್ಷೇತ್ರಕಾರ್ಯ ಮತ್ತು ಧ್ವನಿ ಸಂಗ್ರಹದ ಕೆಲಸ ಬಲ್ಲ ಕೆಲವು ಓದುಗರು,
ಮೈಸೂರು